ಜಾಲಿ, ಬನ್ನಿ, ದೊಡ್ಡಹುಣಸೆ: ಬಯಲುಸೀಮೆ ಮರಗಳ ಪರಾಗದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಪದವಿ ವಿದ್ಯಾರ್ಥಿಗಳು, ಜೇನು ಸಾಕುವವರು, ಬೀಜೋತ್ಪಾದನೆ ಮಾಡುವ ರೈತರು ಮತ್ತು ಸೀನಿ ಸೀನಿ ಸುಸ್ತಾದವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದೆ. ಹುಲ್ಲಿನ ನಡುವೆ ಬಿಡಿ ಮರಗಳು ನಿಂತ ಈ ಜಿಲ್ಲೆಗಳ ಬಯಲನ್ನು ಇಲ್ಲಿ ಸವನ್ನಾ ಎಂದೇ ಕರೆದಿದೆ. ಓದುವಾಗ ಒಂದು ಸಂಗತಿಯ ಮೇಲೆ ಕಣ್ಣಿಡಿ: ಪರಾಗರೇಣುಗಳು ಒಂಟಿಯಾಗಿ ಹೊರಡುತ್ತವೆಯೋ, ಗುಂಪು ಕಟ್ಟಿಕೊಂಡು ಹೊರಡುತ್ತವೆಯೋ? ಮುಂದಿನ ಬಹಳಷ್ಟು ಉತ್ತರಗಳು ಇದನ್ನೇ ಅವಲಂಬಿಸಿವೆ.

ಸವನ್ನಾ ಎಂದರೆ ಆಫ್ರಿಕಾದ ಬಯಲು. ಅದನ್ನು ಗದಗ, ಹಾವೇರಿಗೆ ಏಕೆ ಎಳೆದು ತರುತ್ತೀರಿ?

ಸಿಂಹ, ಜಿರಾಫೆ ಇದ್ದರೆ ಮಾತ್ರ ಸವನ್ನಾ ಎಂಬ ನಿಯಮವೇನೂ ಇಲ್ಲ. ನೆಲದ ತುಂಬ ಹುಲ್ಲು ಹಬ್ಬಿರಬೇಕು, ಮರಗಳು ಬಿಡಿಬಿಡಿಯಾಗಿ ನಿಂತಿರಬೇಕು, ಅವುಗಳ ನೆತ್ತಿಗಳು ಕೂಡಿಕೊಂಡು ಹುಲ್ಲಿನ ಬಿಸಿಲನ್ನು ಕಸಿಯಬಾರದು. ವರ್ಷದಲ್ಲಿ ಕೆಲವೇ ತಿಂಗಳು ಮಳೆ, ಉಳಿದಂತೆ ಒಣಹವೆ. ಮರಗಳು ಬೆಂಕಿಗೂ ದನಕರುಗಳ ಬಾಯಿಗೂ ಒಗ್ಗಿಕೊಂಡಿರಬೇಕು. ಕಪ್ಪತಗುಡ್ಡದ ಇಳಿಜಾರಿನಲ್ಲಿ ನಿಂತು ನೋಡಿದವರಿಗೆ ಇದನ್ನು ವಿವರಿಸಿ ಹೇಳುವ ಅಗತ್ಯವಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವೂ ಅಂಥದ್ದೇ ನೆಲ. 1974ರಲ್ಲಿ ಘೋಷಿತವಾದ ಆ 119 ಚದರ ಕಿಲೋಮೀಟರಿನಲ್ಲಿ ಕೃಷ್ಣಮೃಗ ಬದುಕಿದೆ ಎಂದರೆ ಅಲ್ಲಿ ಬಯಲು ಇತ್ತೆಂದೇ ಅರ್ಥ, ಏಕೆಂದರೆ ಅದು ದಟ್ಟ ಕಾಡಿನ ಪ್ರಾಣಿಯಲ್ಲ. ನಮ್ಮ ಒಣ ಎಲೆಯುದುರುವ ಕಾಡುಗಳಲ್ಲಿ ಹಲವನ್ನು ಸವನ್ನಾ ಎಂದೇ ಕರೆಯಬೇಕೆಂದು ಪರಿಸರ ವಿಜ್ಞಾನಿಗಳು 2011ರಿಂದ ಒತ್ತಿ ಹೇಳುತ್ತಿದ್ದಾರೆ. ಇಂಥ ನೆಲವನ್ನು ‘ಬಂಜರು’ ಎಂದು ಕರೆದು ನೀಲಗಿರಿ ನೆಟ್ಟ ಕಾಲವೊಂದಿತ್ತು. ಅದು ದುಬಾರಿಯಾದ ತಿಳಿಗೇಡಿತನ ಎಂಬುದು ನನ್ನ ಅಭಿಪ್ರಾಯ.

ಪರಾಗ ಹೂವಿನೊಳಗೆ ಹೇಗೆ ತಯಾರಾಗುತ್ತದೆ?

ಮೊಗ್ಗು ಇನ್ನೂ ಹಸಿರಾಗಿ ಬಿಗಿದುಕೊಂಡಿರುವಾಗಲೇ ಕೆಲಸ ಆರಂಭವಾಗಿರುತ್ತದೆ. ಕೇಸರದ ತುದಿಯಲ್ಲಿರುವ ಪರಾಗಕೋಶದಲ್ಲಿ ಸಾಮಾನ್ಯವಾಗಿ ನಾಲ್ಕು ಕೋಣೆಗಳಿರುತ್ತವೆ. ಪ್ರತಿ ಕೋಣೆಯ ಮಧ್ಯದಲ್ಲಿ ಪರಾಗದ ಮಾತೃಕೋಶಗಳು, ಅವುಗಳ ಸುತ್ತ ಟ್ಯಾಪೀಟಮ್ ಎಂಬ ಪೋಷಕ ಪದರ. ಮಾತೃಕೋಶ ಮಿಯಾಸಿಸ್ ಮೂಲಕ ಎರಡು ಬಾರಿ ವಿಭಜನೆಯಾಗಿ, ವರ್ಣತಂತುಗಳ ಸಂಖ್ಯೆ ಅರ್ಧಕ್ಕಿಳಿದ ನಾಲ್ಕು ಕೋಶಗಳಾಗುತ್ತದೆ. ಈ ನಾಲ್ಕೂ ಕೆಲಕಾಲ ಕ್ಯಾಲೋಸ್ ಎಂಬ ಶರ್ಕರದ ಗೋಡೆಯೊಳಗೆ ಒಟ್ಟಿಗೇ ಇರುತ್ತವೆ.

ರೇಣುವಿನ ಮೇಲ್ಮೈಯಲ್ಲಿ ಮುಳ್ಳು ಬರಬೇಕೋ, ಬಲೆಯ ವಿನ್ಯಾಸ ಬರಬೇಕೋ, ರೇಣು ಮೊಳೆಯಲು ಬಾಗಿಲಾಗುವ ಸೀಳು ಎಲ್ಲಿರಬೇಕೋ ಎಂಬ ನಕ್ಷೆ ಬೀಳುವುದು ಈ ಕ್ಯಾಲೋಸಿನ ಮರೆಯಲ್ಲೇ. ಬಳಿಕ ಟ್ಯಾಪೀಟಮ್ ಕ್ಯಾಲೇಸ್ ಎಂಬ ಕಿಣ್ವವನ್ನು ಸುರಿಸಿ ಆ ಗೋಡೆಯನ್ನು ಕರಗಿಸುತ್ತದೆ. ಹೆಚ್ಚಿನ ಗಿಡಮರಗಳಲ್ಲಿ ನಾಲ್ಕೂ ಬೇರೆಯಾಗಿ ನಾಲ್ಕು ಒಂಟಿ ರೇಣುಗಳಾಗುತ್ತವೆ. ಹಾಕಿದ ನಕ್ಷೆಯ ಮೇಲೆ ಸ್ಪೋರೊಪೊಲೆನಿನ್ ಎಂಬ ಗಟ್ಟಿ ವಸ್ತು ತುಂಬಿಕೊಂಡು ಎಕ್ಸೈನ್ ಎಂಬ ಹೊರಕವಚ ಬೆಳೆಯುತ್ತದೆ. ಅದರ ಕಚ್ಚಾ ಸಾಮಗ್ರಿಯಲ್ಲಿ ಬಹುಪಾಲು ಟ್ಯಾಪೀಟಮ್‌ನಿಂದಲೇ ಬರುತ್ತದೆ. ಒಳಗಡೆ ಸೆಲ್ಯುಲೋಸ್ ಮತ್ತು ಪೆಕ್ಟಿನ್ ಸೇರಿದ ಮೆತ್ತನೆಯ ಇಂಟೈನ್ ಪದರ. ಕೊಡುವುದನ್ನೆಲ್ಲ ಕೊಟ್ಟು ಮುಗಿಸಿದ ಟ್ಯಾಪೀಟಮ್ ಕೊನೆಗೆ ತಾನೇ ಕರಗಿಹೋಗುತ್ತದೆ.

ನಂತರ ರೇಣುವಿನೊಳಗೆ ಮತ್ತೊಂದು ವಿಭಜನೆ: ಗಂಡು ಲಿಂಗಾಣುಗಳನ್ನು ಅಂಡಾಶಯಕ್ಕೆ ಒಯ್ಯುವ ನಾಳ ಬೆಳೆಸುವ ದೊಡ್ಡ ಕೋಶ ಒಂದು, ಮುಂದೆ ಎರಡು ಗಂಡು ಲಿಂಗಾಣುಗಳಾಗುವ ಚಿಕ್ಕ ಕೋಶ ಇನ್ನೊಂದು. ಹೂಬಿಡುವ ಸಸ್ಯಗಳಲ್ಲಿ ಸುಮಾರು ಶೇಕಡ 70ರಷ್ಟು ಈ ಎರಡು ಕೋಶಗಳ ಹಂತದಲ್ಲೇ ಪರಾಗವನ್ನು ಹೊರಬಿಡುತ್ತವೆ. ಜೋಳ, ಗೋದಿಯಂಥ ಹುಲ್ಲಿನ ಜಾತಿಗಳು ಮೂರು ಕೋಶಗಳಾದ ಮೇಲೆಯೇ ಬಿಡುತ್ತವೆ.

ಜಾಲಿಯ ಪರಾಗ ಇದಕ್ಕಿಂತ ಬೇರೆ ಎನ್ನುತ್ತಾರೆ. ಬೇರೆ ಎಂದರೆ ಏನು?

ಹೊಲದ ಬದುವಿನ ಕರಿಜಾಲಿಯ ಹಳದಿ ಗುಂಡನ್ನು ಕಿತ್ತು ಹಸ್ತಮಸೂರದಡಿ ಹಿಡಿಯಿರಿ. ಅದು ಒಂದು ಹೂವಲ್ಲ, ಹತ್ತಾರು ಚಿಕ್ಕ ಹೂಗಳ ಗುಂಪು. ಹಳದಿಯಾಗಿ ಕಾಣುವುದು ದಳವಲ್ಲ, ಕೇಸರಗಳು. ಒಂದೊಂದು ಕೇಸರದ ತುದಿಯಲ್ಲೂ ಚುಕ್ಕೆಯಷ್ಟು ಪರಾಗಕೋಶ. ನಾಲ್ಕು ಕೋಣೆಗಳ ಪಾಠ ಇಲ್ಲಿ ತುಸು ಬದಲಾಗುತ್ತದೆ. ಪ್ರತಿ ಕೋಣೆಯಲ್ಲೂ ಅಡ್ಡಗೋಡೆ ಎದ್ದು ಒಟ್ಟು ಎಂಟು ಕೋಣೆಗಳಾಗುತ್ತವೆ. ಒಂದು ಕೋಣೆಯಲ್ಲಿ ಮೂಲಕೋಶ ಎರಡು ಬಾರಿ ಸಾಮಾನ್ಯ ವಿಭಜನೆಯಾಗಿ ನಾಲ್ಕು ಮಾತೃಕೋಶಗಳಾಗುತ್ತವೆ, ಅವು ಮಿಯಾಸಿಸ್‌ನಲ್ಲಿ ಹದಿನಾರಾಗುತ್ತವೆ. ಆ ಹದಿನಾರೂ ಬಿಡಿಯಾಗುವುದೇ ಇಲ್ಲ. ಒಂದಕ್ಕೊಂದು ಅಂಟಿಕೊಂಡೇ ಬಲಿತು, ಒಂದೇ ಗಟ್ಟಿಯಾಗಿ ಹೊರಬೀಳುತ್ತವೆ. ಇದಕ್ಕೆ ಪಾಲಿಯಾಡ್ ಎಂದು ಹೆಸರು. ಲೆಕ್ಕ ಹಾಕಿದರೆ ಒಂದು ಪರಾಗಕೋಶದಲ್ಲಿ ಎಂಟು ಗುಂಪು, 128 ರೇಣು. ಬೇರೆ ಮರಗಳ ಕೇಸರಗಳು ಸಾವಿರ ಸಾವಿರ ರೇಣು ತೂರುವಾಗ ಇದು ಜಿಪುಣನ ಲೆಕ್ಕ.

ಸೂಕ್ಷ್ಮದರ್ಶಕದಡಿ ಪಾಲಿಯಾಡ್ ಚಪ್ಪಟೆಯಾದ ದುಂಡು ಬಿಲ್ಲೆಯಾಗಿ ಕಾಣುತ್ತದೆ: ನಡುವೆ ಎಂಟು ರೇಣು, ನಾಲ್ಕರ ಮೇಲೆ ನಾಲ್ಕರಂತೆ, ಸುತ್ತ ಅಂಚಿಗೆ ಇನ್ನೆಂಟು. ಮೇಲಿನಿಂದ ನೋಡಿದರೆ ನಡುವಿನ ಕೆಳಗಿನ ನಾಲ್ಕು ಮರೆಯಾಗಿ ಹನ್ನೆರಡೇ ಎಣಿಕೆಗೆ ಸಿಗುತ್ತವೆ. ಫೋಕಸ್ ತಿರುಗಿಸಿದರೆ ಉಳಿದ ನಾಲ್ಕು ಮೇಲೇಳುತ್ತವೆ. ಪ್ರಾಯೋಗಿಕ ಪುಸ್ತಕದಲ್ಲಿ ಹನ್ನೆರಡು ಎಂದು ಬರೆದುಕೊಟ್ಟ ವಿದ್ಯಾರ್ಥಿಗಳೆಲ್ಲ ಫೋಕಸ್ ತಿರುಗಿಸದವರು.

ಹೀಗೆ ಗುಂಪು ಕಟ್ಟುವುದರಿಂದ ಮರಕ್ಕೆ ಏನು ಲಾಭ?

ಇದಕ್ಕೆ ಉತ್ತರ ಕಾಯಿಯಲ್ಲಿದೆ. ಕರಿಜಾಲಿಯ ಕಾಯಿ ಪೋಣಿಸಿದ ಮಣಿಸರದಂತೆ ಇರುತ್ತದೆ, ಬೀಜಕ್ಕೊಂದು ಉಬ್ಬು, ನಡುವೆ ಕೊರಕಲು. ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಬೀಜ. ಅಂಡಾಶಯದಲ್ಲಿ ಇರುವ ಅಂಡಕಗಳೂ, ಅಂದರೆ ಮುಂದೆ ಬೀಜವಾಗುವ ಕಣಗಳೂ, ಹೆಚ್ಚುಕಡಿಮೆ ಅಷ್ಟೇ. ಆಸ್ಟ್ರೇಲಿಯದ ಅಕೇಶಿಯಗಳ ಮೇಲೆ ಕೆಲಸ ಮಾಡಿದ ಕೆನ್ರಿಕ್ ಮತ್ತು ನಾಕ್ಸ್ 1982ರಲ್ಲಿ ತೋರಿಸಿದ್ದು ಇದನ್ನೇ: ಪಾಲಿಯಾಡಿನ ರೇಣುಗಳ ಸಂಖ್ಯೆ ಅಂಡಾಶಯದ ಅಂಡಕಗಳ ಸಂಖ್ಯೆಗೆ ಸಮ ಅಥವಾ ಸ್ವಲ್ಪ ಹೆಚ್ಚು. ಹೂವಿನ ಹೆಣ್ಣು ಭಾಗದಲ್ಲಿ ಪರಾಗ ಹಿಡಿಯುವ ತುದಿಯಾದ ಶಲಾಕಾಗ್ರದಲ್ಲಿ ಬಟ್ಟಲಿನಾಕಾರದ ಚಿಕ್ಕ ತಗ್ಗು ಇರುತ್ತದೆ, ಅದರಲ್ಲಿ ಸಾಮಾನ್ಯವಾಗಿ ಹಿಡಿಸುವುದು ಒಂದೇ ಪಾಲಿಯಾಡ್. ಜೇನುಹುಳ ಒಮ್ಮೆ ಬಂದು ಒಂದು ಗುಂಪನ್ನು ಸರಿಯಾದ ಜಾಗಕ್ಕೆ ತಾಗಿಸಿದರೆ ಸಾಕು, ಇಡೀ ಕಾಯಿಗೆ ಬೇಕಾದಷ್ಟು ಪರಾಗ ಒಂದೇ ಸಲ ಸಂದಾಯವಾಗುತ್ತದೆ. ಆ ಕಾಯಿಯ ಬೀಜಗಳಿಗೆಲ್ಲ ತಾಯಿಯೂ ಒಂದೇ, ತಂದೆಯೂ ಒಂದೇ.

ಮರಗಳು ದೂರ ದೂರ ನಿಂತಿರುವ ಬಯಲಿನಲ್ಲಿ ಒಂದು ಮರದ ಪರಾಗ ಇನ್ನೊಂದಕ್ಕೆ ತಲುಪುವುದೇ ಅಪರೂಪ. ಸಿಕ್ಕ ಒಂದು ಅವಕಾಶದಲ್ಲಿ ಎಲ್ಲವನ್ನೂ ಮುಗಿಸಿಕೊಳ್ಳುವ ಏರ್ಪಾಡು ಇದು. ಇದರಲ್ಲಿ ನಷ್ಟವೂ ಇದೆ. ಗುಂಪು ತಪ್ಪಿ ಬೇರೆಲ್ಲೋ ಬಿದ್ದರೆ ಹದಿನಾರೂ ಹೋದಂತೆಯೇ. ಮರದ ತುಂಬ ಹೂಗುಂಡುಗಳಿದ್ದರೂ ಕಾಯಿ ಕಡಿಮೆ ಬಿಡುವುದಕ್ಕೆ ಇದೂ ಒಂದು ಕಾರಣ. ಅನೇಕ ಹೂಗಳು ಬರೀ ಗಂಡಾಗಿ ಅರಳುವುದು ಇನ್ನೊಂದು ಕಾರಣ.

ಒಂದೇ ಕಾಲಕ್ಕೆ ಹಲವು ಜಾತಿಯ ಜಾಲಿ ಅರಳಿದರೆ ಪರಾಗ ಕಲಬೆರಕೆ ಆಗುವುದಿಲ್ಲವೇ?

ಆಗಬಹುದು. ಟಾಂಜಾನಿಯದ ಮ್ಕೊಮಾಜಿ ಬಯಲಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಟ್ಟಿಗೆ ಅರಳುವ ಅಕೇಶಿಯಗಳು ದಿನದ ಬೇರೆ ಬೇರೆ ಹೊತ್ತಿನಲ್ಲಿ ಪರಾಗಕೋಶ ಒಡೆಯುವುದು ಕಂಡುಬಂತು. ಒಂದು ಜಾತಿಯ ಪರಾಗ ಮುಗಿಯುವ ಹೊತ್ತಿಗೆ ಇನ್ನೊಂದರದು ಬಿಚ್ಚಿಕೊಳ್ಳುತ್ತದೆ, ಹುಳಗಳು ಪಾಳಿಯ ಮೇಲೆ ಮರ ಬದಲಿಸುತ್ತವೆ. ನಮ್ಮ ಕರಿಜಾಲಿ, ಬಿಳಿಜಾಲಿಗಳಲ್ಲಿ ಇದನ್ನು ನೋಡಲು ಬೇಕಾಗುವುದು ಒಂದು ಹಸ್ತಮಸೂರ, ಒಂದು ಗಡಿಯಾರ ಮತ್ತು ಮುಳ್ಳಿಗೆ ಹೆದರದ ಕೈ. ಪದವಿ ಯೋಜನೆಗೆ ಇದಕ್ಕಿಂತ ಅಗ್ಗದ ವಿಷಯ ಸಿಗಲಿಕ್ಕಿಲ್ಲ.

ಬಳ್ಳಾರಿ ಜಾಲಿಯೂ ಹೀಗೆಯೇ? ಬನ್ನಿ?

ಅಲ್ಲ. ಹೆಸರಿನಲ್ಲಿ ಜಾಲಿ ಇದ್ದರೂ ಬಳ್ಳಾರಿ ಜಾಲಿಯ ಪರಾಗ ಒಂಟಿ. ಪ್ರತಿ ರೇಣುವೂ ಬಿಡಿ, ಮೂರು ಸೀಳು, ಸೀಳಿನ ನಡುವೆ ಒಂದೊಂದು ರಂಧ್ರ. ದಸರೆಯಲ್ಲಿ ಬಂಗಾರವೆಂದು ಹಂಚಿಕೊಳ್ಳುವ ಬನ್ನಿಯದೂ ಒಂಟಿ ರೇಣುವೇ. ಬಹಳ ಕಾಲ ಎರಡನ್ನೂ ಪ್ರೊಸೋಪಿಸ್ ಎಂಬ ಒಂದೇ ಕುಲದಲ್ಲಿ ಇಟ್ಟಿದ್ದರು. 2022ರಲ್ಲಿ ಅಮೆರಿಕ ಮೂಲದ ಬಳ್ಳಾರಿ ಜಾಲಿಯನ್ನು ನೆಲ್ಟುಮಾ ಎಂಬ ಕುಲಕ್ಕೆ ಕಳುಹಿಸಿದರು, ಬನ್ನಿ ಹಳೆಯ ಮನೆಯಲ್ಲೇ ಉಳಿಯಿತು.

ಬಾಗೆ ಮರ ಮಾತ್ರ ಜಾಲಿಯ ಪಂಗಡ, ಹದಿನಾರರ ಪಾಲಿಯಾಡ್. ಅದೂ ಕರಿಜಾಲಿಯದಕ್ಕಿಂತ ದೊಡ್ಡದು.

ಜಾಲಿಯ ವೈಜ್ಞಾನಿಕ ಹೆಸರು ಅಕೇಶಿಯವೋ, ವ್ಯಾಚೆಲಿಯವೋ?

ಹಳೆಯ ಪುಸ್ತಕದಲ್ಲಿ ಅಕೇಶಿಯ ನೈಲೋಟಿಕ, ಈಗ ವ್ಯಾಚೆಲಿಯ ನೈಲೋಟಿಕ. ಅಕೇಶಿಯ ಎಂಬ ಹೆಸರು ಆಸ್ಟ್ರೇಲಿಯದ ಜಾತಿಗಳಿಗೆ ಹೋಗಬೇಕೆಂದು 2005ರ ವಿಯೆನ್ನಾ ಸಸ್ಯಶಾಸ್ತ್ರ ಸಮ್ಮೇಳನ ತೀರ್ಮಾನಿಸಿತು, 2011ರ ಮೆಲ್ಬರ್ನ್ ಸಮ್ಮೇಳನ ಅದನ್ನು ಎತ್ತಿಹಿಡಿಯಿತು. ಆಫ್ರಿಕಾ ಮತ್ತು ಭಾರತದ ಮರಗಳು ವ್ಯಾಚೆಲಿಯ, ಸೆನೆಗಾಲಿಯ ಎಂದು ಒಡೆದವು. ಹೆಸರಿನ ಜಗಳ ಏನೇ ಇರಲಿ, ಈ ಒಡಕಿಗೆ ಪರಾಗದ ಸಾಕ್ಷ್ಯ ಮೊದಲೇ ಇತ್ತು. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯಿಂದ ಫಿಲಿಪ್ ಗಿನೆ 1969ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕುಟುಂಬದ ಪರಾಗವನ್ನು ಜಾತಿಜಾತಿಯಾಗಿ ಬಿಡಿಸಿಟ್ಟಿತ್ತು. ಕರಿಜಾಲಿಯ ಗುಂಪಿನ ರೇಣುಗಳಲ್ಲಿ ಸೀಳು ಮತ್ತು ರಂಧ್ರ ಎರಡೂ ಇರುತ್ತವೆ. ಕಾಚು ತೆಗೆಯುವ ಕಗ್ಗಲಿಯ ಗುಂಪಿನಲ್ಲಿ ಬರೀ ರಂಧ್ರ.

ಎಕ್ಕದ ಹೂವಿನಲ್ಲೂ ಪರಾಗ ಗಂಟುಗಂಟಾಗಿ ಬರುತ್ತದೆ. ಅದೂ ಪಾಲಿಯಾಡ್ ತಾನೇ?

ಅಲ್ಲ. ಎಕ್ಕದಲ್ಲಿ ಪರಾಗಕೋಶದ ಒಂದು ಕೋಣೆಯ ಪರಾಗವೆಲ್ಲ ಸೇರಿ ಒಂದೇ ಚೀಲವಾಗುತ್ತದೆ. ಅಂಥ ಎರಡು ಚೀಲಗಳು ಒಂದು ಕೊಕ್ಕೆಗೆ ಜೋತುಬಿದ್ದು, ಹುಳದ ಕಾಲಿಗೆ ಸಿಕ್ಕಿಕೊಂಡು ಹೋಗುತ್ತವೆ. ಅದರ ಹೆಸರು ಪೊಲಿನಿಯಮ್. ಸೂಜಿಯಿಂದ ಎತ್ತಿದರೆ ಬರಿಗಣ್ಣಿಗೂ ಕಾಣುತ್ತದೆ.

ಸವಣೂರಿನ ದೊಡ್ಡಹುಣಸೆ ಮರದ ಪರಾಗ ಹೇಗಿದೆ?

ಈ ಭಾಗದಲ್ಲಿ ಅಪ್ಪಟ ಆಫ್ರಿಕನ್ ಸವನ್ನಾ ಮರ ನೋಡಬೇಕೆಂದರೆ ಹಾವೇರಿ ಜಿಲ್ಲೆಯ ಸವಣೂರಿಗೇ ಹೋಗಬೇಕು. ಅಲ್ಲಿನ ಮಠದ ಆವರಣದ ಮೂರು ಬಾವೋಬಾಬ್ ಮರಗಳನ್ನು ಜನ ದೊಡ್ಡಹುಣಸೆ ಎನ್ನುತ್ತಾರೆ. 2023ರ ಮಳೆಗಾಲದಲ್ಲಿ ಅವುಗಳಲ್ಲಿ ಒಂದು ಬುಡಮೇಲಾಗಿ, ಅದನ್ನು ಮತ್ತೆ ಎತ್ತಿ ನಿಲ್ಲಿಸುವ ಕೆಲಸ ನಡೆಯಿತು. ಹೆಸರು ಹುಣಸೆಯಾದರೂ ಹುಣಸೆಗೂ ಇದಕ್ಕೂ ನಂಟಿಲ್ಲ, ಇದು ಬೂರುಗ ಮತ್ತು ಹತ್ತಿಯ ಕುಟುಂಬದ್ದು. ಹುಣಸೆಯ ರೇಣುವಿನ ಮೈಮೇಲೆ ಗೆರೆಗೆರೆಯ ವಿನ್ಯಾಸ, ದೊಡ್ಡಹುಣಸೆಯದರ ಮೇಲೆ ಮುಳ್ಳು. ಅಂದ ಹಾಗೆ, ನಮ್ಮದೇ ಎಂದುಕೊಂಡಿರುವ ಹುಣಸೆಯೂ ಮೂಲತಃ ಆಫ್ರಿಕಾದಿಂದಲೇ ಬಂದದ್ದು.

ಬಾವೋಬಾಬ್ ಹೂವು ಉದ್ದ ತೊಟ್ಟಿನಿಂದ ತಲೆಕೆಳಗಾಗಿ ತೂಗಾಡುತ್ತದೆ. ಸಂಜೆ ಕತ್ತಲಾಗುವ ಹೊತ್ತಿಗೆ ಬೇಗನೆ ಬಿರಿಯುತ್ತದೆ, ಮರುದಿನ ಬಾಡಿ ಉದುರುತ್ತದೆ. ಐದು ಬಿಳಿ ದಳಗಳನ್ನು ಹಿಂದಕ್ಕೆ ಮಡಚಿಕೊಂಡಾಗ ಎದ್ದು ಕಾಣುವುದು ಕೇಸರಗಳ ಚೆಂಡು, ಒಂದೊಂದು ಹೂವಿನಲ್ಲೂ ಏಳುನೂರಕ್ಕೂ ಹೆಚ್ಚು. ಈ ಪರಾಗಕೋಶದಲ್ಲಿ ನಾಲ್ಕರ ಬದಲು ಎರಡೇ ಕೋಣೆ. ರೇಣು ಒಂಟಿ, ಗುಂಡಗೆ, ದೊಡ್ಡದು, ಮೈತುಂಬ ಮುಳ್ಳು. ಹೂವಿನ ಹಳಸಲು ವಾಸನೆ ನಮಗೆ ಹಿಡಿಸದು. ಆದರೆ ಆ ಹೂವು ಕರೆಯುವುದು ಹಣ್ಣು ತಿನ್ನುವ ಬಾವಲಿಗಳನ್ನು. ಬಾವಲಿ ಹೂವಿಗೆ ಮುಖವಿಟ್ಟಾಗ ಈ ದೊಡ್ಡ ರೇಣುಗಳು ಅದರ ತುಪ್ಪಳಕ್ಕೆ ಹತ್ತಿಕೊಳ್ಳುತ್ತವೆ. ಆಫ್ರಿಕಾದ ದಕ್ಷಿಣ ಭಾಗದಲ್ಲಿ ದೊಡ್ಡ ಪತಂಗಗಳೂ ಇದೇ ಕೆಲಸಕ್ಕೆ ಬರುತ್ತವೆ.

ಸೋದರಸಂಬಂಧಿ ಬೂರುಗ ಹಗಲಿನಲ್ಲಿ ಕೆಂಪಾಗಿ ಅರಳಿ ಹಕ್ಕಿಗಳನ್ನು ಕರೆಯುತ್ತದೆ. ಅದರ ರೇಣುವಿಗೆ ಮುಳ್ಳಿಲ್ಲ, ಮೇಲಿನಿಂದ ತ್ರಿಕೋನ, ಮೈಮೇಲೆ ಬಲೆ. ಹಕ್ಕಿಗೆ ಬಲೆ, ಬಾವಲಿಗೆ ಮುಳ್ಳು ಎಂದು ಸೂತ್ರ ಕಟ್ಟಬೇಡಿ. ಕುಟುಂಬದೊಳಗಿನ ವಂಶದ ದಾರಿಯೂ ಇದರಲ್ಲಿ ಸೇರಿದೆ.

ಹತ್ತಿ ಹೂವಿನ ಪರಾಗವೂ ಹಾಗೆಯೇ ಇರಬೇಕಲ್ಲ?

ಹೌದು. ನೂರು ಮೈಕ್ರಾನ್ ದಾಟುವ ಗುಂಡು ರೇಣು, ಮೈತುಂಬ ಮುಳ್ಳು, ಜಿಗುಟು. ಗಾಳಿಗೆ ಹಾರುವ ಪೈಕಿ ಅಲ್ಲ. ಧಾರವಾಡದಲ್ಲಿ ರೂಪುಗೊಂಡು 1972ರಲ್ಲಿ ಬಂದ ವರಲಕ್ಷ್ಮಿ ಹೈಬ್ರಿಡ್‌ನ ಕಾಲದಿಂದ ಇಲ್ಲಿಯವರೆಗೆ ಹತ್ತಿಯ ಹೈಬ್ರಿಡ್ ಬೀಜ ಕೈಯಿಂದಲೇ ಆಗುತ್ತಿರುವುದು ಅದಕ್ಕೇ. ಸಂಜೆ ಮೊಗ್ಗಿನ ಕೇಸರ ತೆಗೆಯುವುದು, ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವನ್ನು ತಂದು ಶಲಾಕಾಗ್ರಕ್ಕೆ ಸವರುವುದು. ರಾಣೆಬೆನ್ನೂರು ಕಡೆಯ ಬೀಜದ ಹೊಲಗಳಲ್ಲಿ ಕ್ರಾಸಿಂಗ್ ಮಾಡುವ ಹೆಣ್ಣುಮಕ್ಕಳ ಬೆರಳಿಗೆ ಹತ್ತುವ ಹಳದಿ ಇದೇ ರೇಣು. ಪರಾಗದ ಜೀವ ಎಷ್ಟು ಹೊತ್ತು ಇರುತ್ತದೆಂದು ಪಠ್ಯಪುಸ್ತಕಕ್ಕಿಂತ ಅವರನ್ನು ಕೇಳುವುದು ಮೇಲು.

ಮತ್ತಿ, ದಿಂಡಿಗದ ಪರಾಗ?

ಚಿಕ್ಕದು, ಒಂಟಿ. ಮೂರು ನಿಜವಾದ ಸೀಳುಗಳ ನಡುನಡುವೆ ರಂಧ್ರವಿಲ್ಲದ ಮೂರು ಹುಸಿ ಸೀಳುಗಳು. ನಾಳ ಹೊರಬರುವುದು ನಿಜವಾದವುಗಳಿಂದ ಮಾತ್ರ. ಇದೇ ಮಾದರಿ ನೆಕ್ಕರೆಯ ಕುಟುಂಬದಲ್ಲೂ ಇರುವುದರಿಂದ ಹಳೆಯ ಕೆಸರಿನಲ್ಲಿ ಸಿಕ್ಕಾಗ ಎರಡನ್ನೂ ಬೇರ್ಪಡಿಸಲಾಗದೆ ಒಂದೇ ಹೆಸರಿನಡಿ ಎಣಿಸುವುದು ವಾಡಿಕೆ.

ಇಷ್ಟು ಬಿಸಿಲಿನಲ್ಲಿ ರೇಣು ಒಣಗಿ ಸಾಯುವುದಿಲ್ಲವೇ?

ಒಣಗುತ್ತದೆ, ಆದರೆ ಸಾಯಬೇಕೆಂದೇನಿಲ್ಲ. ಸೀಳುಗಳಿರುವುದು ಬರೀ ನಾಳ ಹೊರಬರಲಿಕ್ಕಲ್ಲ. ಹೂವಿನಿಂದ ಹೊರಬಿದ್ದ ರೇಣು ನೀರು ಕಳೆದುಕೊಂಡಾಗ ಸೀಳಿನ ಜಾಗದ ತೆಳುಗೋಡೆ ಒಳಕ್ಕೆ ಮಡಚಿಕೊಂಡು, ಗಟ್ಟಿ ಅಂಚುಗಳು ಒಂದಕ್ಕೊಂದು ಕೂಡುತ್ತವೆ. ಬಾಗಿಲು ಮುಚ್ಚಿದ್ದರಿಂದ ಇನ್ನಷ್ಟು ನೀರು ಹೋಗುವುದು ನಿಧಾನವಾಗುತ್ತದೆ. ಒದ್ದೆಯಾದ ಶಲಾಕಾಗ್ರದ ಮೇಲೆ ಬಿದ್ದಾಗ ಮತ್ತೆ ಉಬ್ಬಿ ತೆರೆದುಕೊಳ್ಳುತ್ತದೆ. ಮುತ್ತುಗದ ಒಣ ಪರಾಗವನ್ನು ಗಾಜಿನ ಮೇಲಿಟ್ಟು, ನೋಡುತ್ತಿರುವಾಗಲೇ ಅಂಚಿನಿಂದ ಒಂದು ಹನಿ ನೀರು ಬಿಡಿ. ಉದ್ದನೆಯ ರೇಣುಗಳು ಕಣ್ಣೆದುರಿಗೇ ದುಂಡಗಾಗುತ್ತವೆ. ಕಾಮನ ಹುಣ್ಣಿಮೆಯ ಆಸುಪಾಸಿನಲ್ಲಿ ಹೂವಿಗೆ ಕೊರತೆಯಿಲ್ಲ.

ಹುಲ್ಲಿನ ಜಾತಿಗಳಲ್ಲಿ ಸೀಳಿಲ್ಲ, ಒಂದೇ ದುಂಡು ರಂಧ್ರ. ಮಡಚಿಕೊಳ್ಳುವ ಅನುಕೂಲ ಕಡಿಮೆ. ಅವುಗಳ ಪರಾಗ ಬೇಗ ಒಣಗಿ ಕೆಡುತ್ತದೆ, ಜೋಳದ ಪರಾಗದ ಆಯುಷ್ಯ ಕೆಲವೇ ತಾಸು.

ಬಿಸಿಲ ಝಳಕ್ಕೆ ಹೂ ಬಿಟ್ಟರೂ ಕಾಯಿ ಕಟ್ಟುವುದಿಲ್ಲ. ಪರಾಗವೇ ಕಾರಣವೇ?

ಕಾರಣಗಳಲ್ಲಿ ಒಂದು. ಪರಾಗದ ಬೆಳವಣಿಗೆಯಲ್ಲಿ ಶಾಖಕ್ಕೆ ಅತಿ ನಾಜೂಕಾದ ಘಟ್ಟ ಹೂ ಅರಳುವ ದಿನವಲ್ಲ, ಅದಕ್ಕೂ ಹಿಂದಿನದು: ಮಿಯಾಸಿಸ್‌ನಿಂದ ಒಂಟಿ ರೇಣುಗಳು ಬಿಡಿಯಾಗುವವರೆಗೆ. ಆಗ ಟ್ಯಾಪೀಟಮ್ ಅಕಾಲದಲ್ಲಿ ಕರಗಿದರೂ, ಕರಗದೇ ಉಳಿದರೂ ರೇಣುಗಳು ಟೊಳ್ಳಾಗುತ್ತವೆ. ಹೂವು ನೋಡಲು ಚೆನ್ನಾಗಿಯೇ ಇರುತ್ತದೆ. ಆದ್ದರಿಂದ ಕಾಯಿ ಕಟ್ಟದ್ದಕ್ಕೆ ಹೂ ಅರಳಿದ ದಿನದ ಬಿಸಿಲನ್ನಷ್ಟೇ ದೂರಬೇಡಿ, ಮೊಗ್ಗಿನ ದಿನಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಯಾವ ಮರದ ಪರಾಗದಿಂದ ಸೀನು, ಕಣ್ಣುರಿ ಬರುತ್ತದೆ?

ಜನ ಬೈಯುವುದು ಕಣ್ಣಿಗೆ ಹೊಡೆಯುವ ಹೂವನ್ನು: ಗುಲ್‌ಮೊಹರ್, ಮುತ್ತುಗ, ಬೂರುಗ. ಇವು ಹಕ್ಕಿ, ಹುಳಗಳಿಗಾಗಿ ಅರಳುವ ಹೂಗಳು, ಪರಾಗ ಭಾರ ಮತ್ತು ಜಿಗುಟು. ಕರಿಜಾಲಿಯ ಹದಿನಾರರ ಗುಂಪೂ ಗಾಳಿಯಲ್ಲಿ ದೂರ ಹೋಗುವುದು ಕಷ್ಟ. ನಿಜವಾದ ಉಪದ್ರವಿಗಳು ಗಮನಕ್ಕೇ ಬಾರದ ಹೂಗಳು. ಬೇಸಿಗೆಗೆ ಮುನ್ನ ಎಲೆಯಿಲ್ಲದ ಕೊಂಬೆಗಳಲ್ಲಿ ಹಸಿರು ಹಸಿರಾಗಿ ಅರಳುವ ತಪಸಿ, ಎಲ್ಲ ಬಗೆಯ ಹುಲ್ಲು, ಕಾಂಗ್ರೆಸ್ ಕಸ. ಒಂಟಿ ರೇಣುವಿನ ಬಳ್ಳಾರಿ ಜಾಲಿಯೂ ಅಲರ್ಜಿಯ ಪಟ್ಟಿಯಲ್ಲಿ ಗಟ್ಟಿಯಾಗಿ ಕುಳಿತಿದೆ. ಯಾವುದು ನಿಮಗೆ ಆಗುವುದಿಲ್ಲ ಎಂಬುದನ್ನು ಚರ್ಮದ ಪರೀಕ್ಷೆ ಮಾಡಿ ಹೇಳುವವರು ವೈದ್ಯರು. ಬೀದಿಯ ಮರ ಕಡಿಸುವ ಮೊದಲು ಆ ಪರೀಕ್ಷೆ ಮಾಡಿಸಿಕೊಳ್ಳಿ.

ಕೆರೆಯ ಕೆಸರು ನೋಡಿ ಹಿಂದೆ ಇಲ್ಲಿ ಯಾವ ಮರಗಳಿದ್ದವೆಂದು ಹೇಳಬಹುದೇ?

ಹೇಳಬಹುದು, ಅಡ್ಡಿಗಳನ್ನು ಅರಿತಿದ್ದರೆ. ಎಕ್ಸೈನ್ ಸಾವಿರಾರು ವರ್ಷ ಕೊಳೆಯದೆ ಉಳಿಯುತ್ತದೆ. ಆದರೆ ಕೆರೆಗೆ ಬೀಳುವುದು ಗಾಳಿಗೆ ಹಾರುವವೇ ಹೆಚ್ಚು. ಸವನ್ನಾದ ಮರಗಳು ಬಹುಮಟ್ಟಿಗೆ ಹುಳ, ಹಕ್ಕಿ, ಬಾವಲಿಗಳನ್ನು ನಂಬಿದವು. ಕೆರೆಯ ದಂಡೆಯಲ್ಲಿ ಜಾಲಿಯ ತೋಪೇ ಇದ್ದರೂ ಕೆಸರಿನಲ್ಲಿ ಪಾಲಿಯಾಡ್ ಬೆರಳೆಣಿಕೆಯಷ್ಟು, ಹುಲ್ಲಿನ ಪರಾಗ ರಾಶಿ. ಅದನ್ನು ನೋಡಿ ಇಲ್ಲಿ ಮರವೇ ಇರಲಿಲ್ಲ ಎನ್ನುವುದು ತಪ್ಪು. ಹುಲ್ಲು ಇತ್ತೆಂದರೆ ಕಾಡು ಹಾಳಾಗಿತ್ತು ಎನ್ನುವುದು ಅದಕ್ಕಿಂತ ದೊಡ್ಡ ತಪ್ಪು. ನಾಲ್ಕೈದು ಪಾಲಿಯಾಡ್ ಸಿಕ್ಕರೂ ಜಾಲಿ ಹತ್ತಿರದಲ್ಲೇ ಇತ್ತೆಂದು ಧೈರ್ಯವಾಗಿ ಹೇಳಬಹುದು. ಇನ್ನೊಂದು ತೊಡಕು: ನಮ್ಮ ಕೆರೆಗಳು ಬೇಸಿಗೆಯಲ್ಲಿ ಬತ್ತುತ್ತವೆ. ಗಾಳಿ ತಾಗಿದ ಕೆಸರಿನಲ್ಲಿ ಪರಾಗವೂ ಕೆಡುತ್ತದೆ.

ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಇವನ್ನೆಲ್ಲ ನೋಡಬಹುದೇ? ಯಾವುದರಿಂದ ಆರಂಭಿಸಬೇಕು?

ನೋಡಬಹುದು, 400 ಪಟ್ಟು ಹಿಗ್ಗಿಸಿದರೆ ಬೇಕಾದಷ್ಟಾಯಿತು. ಏಪ್ರಿಲ್–ಮೇ ತಿಂಗಳಲ್ಲಿ ಬಾಗೆ ಮರದಿಂದ ಆರಂಭಿಸಿ. ಅದರ ಪಾಲಿಯಾಡ್ ದೊಡ್ಡದು, ಹೊಸಬರ ಕಣ್ಣಿಗೂ ತಪ್ಪುವುದಿಲ್ಲ. ಅರಳುವ ಹಿಂದಿನ ಹಂತದ ಮೊಗ್ಗನ್ನು ತಂದು, ಪರಾಗಕೋಶವನ್ನು ಗಾಜಿನ ಮೇಲೆ ಸೂಜಿಯಿಂದ ಒಡೆದು, ಸಫ್ರಾನಿನ್ ಎಂಬ ಬಣ್ಣ ಬೆರೆಸಿದ ಗ್ಲಿಸರಿನ್ ಜೆಲ್ಲಿಯ ಚೂರನ್ನು ಕರಗಿಸಿ ಮುಚ್ಚಿದರೆ ಸಾಕು.

ಮಿಯಾಸಿಸ್ ನೋಡಬೇಕೆಂದರೆ ಎಳೆಯ ಮೊಗ್ಗು ಬೇಕು. ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಅಸಿಟಿಕ್ ಆಮ್ಲದ ಮಿಶ್ರಣದಲ್ಲಿ ಹೊಲದಲ್ಲೇ ಮುಳುಗಿಸಿ ತನ್ನಿ, ವರ್ಣತಂತುಗಳಿಗೆ ಬಣ್ಣ ಕೊಡುವ ಅಸಿಟೋಕಾರ್ಮಿನ್‌ನಲ್ಲಿ ಒತ್ತಿ ನೋಡಿ. ಒಂದೇ ಗುಂಡಿನ ಹೂಗಳು ಸಾಮಾನ್ಯವಾಗಿ ಹತ್ತಿರ ಹತ್ತಿರದ ಹಂತದಲ್ಲಿರುತ್ತವೆ, ಹಾಗಾಗಿ ಬೇರೆ ಬೇರೆ ಗಾತ್ರದ ಗುಂಡುಗಳನ್ನು ತರುವುದು ಜಾಣತನ.

ಹೊರಕವಚದ ವಿನ್ಯಾಸ ಸ್ಪಷ್ಟವಾಗಿ ಕಾಣಬೇಕಿದ್ದರೆ ಅಸಿಟಾಲಿಸಿಸ್ ಬೇಕು. ಒಂಬತ್ತು ಪಾಲು ಅಸಿಟಿಕ್ ಅನ್‌ಹೈಡ್ರೈಡ್, ಒಂದು ಪಾಲು ಗಂಧಕಾಮ್ಲ. ಸ್ವೀಡನ್ನಿನ ಎರ್ಟ್‌ಮನ್ ರೂಢಿಗೆ ತಂದ ಈ ವಿಧಾನದಲ್ಲಿ ಒಳಗಿನದೆಲ್ಲ ಕರಗಿ ಎಕ್ಸೈನ್ ಮಾತ್ರ ಉಳಿಯುತ್ತದೆ. ಇದನ್ನು ಒಬ್ಬರೇ ಮಾಡಬೇಡಿ. ಮಿಶ್ರಣಕ್ಕೆ ನೀರು ತಾಗಿದರೆ ಸಿಡಿಯುತ್ತದೆ, ಆದ್ದರಿಂದ ಮಾದರಿಯನ್ನು ಮೊದಲು ಶುದ್ಧ ಅಸಿಟಿಕ್ ಆಮ್ಲದಲ್ಲಿ ತೊಳೆದು ನೀರಿನಂಶ ತೆಗೆಯಬೇಕು. ಕೈಗವಸು, ಕನ್ನಡಕ ಧರಿಸಿ, ಹೊಗೆ ಹೊರಹೋಗುವ ಗೂಡಿನಲ್ಲಿ, ಮೇಷ್ಟರು ಪಕ್ಕದಲ್ಲಿರುವಾಗ ಮಾಡಿ. ಕಾಲೇಜಿನಲ್ಲಿ ಅಂಥ ಗೂಡು ಇಲ್ಲದಿದ್ದರೆ ಗ್ಲಿಸರಿನ್ ಜೆಲ್ಲಿಯಲ್ಲೇ ನಿಲ್ಲಿಸಿ, ಪಾಲಿಯಾಡಿನ ರೇಣು ಎಣಿಸಲು ಅದಕ್ಕಿಂತ ಹೆಚ್ಚಿನದು ಬೇಕಿಲ್ಲ.